ಯುದ್ಧವಿಮಾನ ಸಿಮ್ಯುಲೇಟರ್‌ಗಳಲ್ಲಿ ಇಂಧನ ಮಿಶ್ರಣ ನಿಯಂತ್ರಣ

ಇಂಧನ ಮಿಶ್ರಣ ನಿಯಂತ್ರಣ ಎಂದರೆ ವಿಮಾನದ ಪಿಸ್ಟನ್ ಎಂಜಿನ್ನಿನ ಸಿಲಿಂಡರುಗಳನ್ನು ಸೇರುವ ಗಾಳಿ ಮತ್ತು ಪೆಟ್ರೋಲಿನ ಪರಸ್ಪರ ಪ್ರಮಾಣವನ್ನು ಹಾರಾಟದ ಎತ್ತರಕ್ಕೂ ಎಂಜಿನ್ನಿನ ಮೇಲಿನ ಹೊರೆಗೂ ತಕ್ಕಂತೆ ಹೊಂದಿಸುವ ಕ್ರಿಯೆ. ಎರಡು ಮಹಾಯುದ್ಧಗಳ ಕಾಲದ ವಿಮಾನಗಳನ್ನು ಗಣಕಯಂತ್ರದಲ್ಲಿ ಮರುಸೃಷ್ಟಿಸುವ ಐಎಲ್-2 ಸ್ಟರ್ಮೊವಿಕ್ ಸರಣಿ, ಡಿಸಿಎಸ್ ವರ್ಲ್ಡ್, ರೈಸ್ ಆಫ್ ಫ್ಲೈಟ್ ಮೊದಲಾದ ಯುದ್ಧವಿಮಾನ ಸಿಮ್ಯುಲೇಟರ್‌ಗಳಲ್ಲಿ ಥ್ರಾಟಲ್, ಪ್ರೊಪೆಲ್ಲರಿನ ಕೋನ ಮತ್ತು ರೇಡಿಯೇಟರುಗಳ ಜೊತೆಗೆ ಮಿಶ್ರಣವೂ ಆಟಗಾರರು ನೋಡಿಕೊಳ್ಳಬೇಕಾದ ನಿಯಂತ್ರಣಗಳಲ್ಲಿ ಒಂದಾಗಿದೆ.

ಮಿಶ್ರಣದ ಹಿಡಿಕೆಯು ಥ್ರಾಟಲಿನಂತೆ ಮುಂದೆ ತಳ್ಳಿದಷ್ಟೂ ಶಕ್ತಿ ಕೊಡುವ ಸಾಧನವಲ್ಲ. ಪರದೆಯ ಮೇಲೆ ಮಿಶ್ರಣವು 100% ಎಂದು ಕಾಣಿಸಿದರೆ ಪೆಟ್ರೋಲಿನ ಪಾಲು ಗರಿಷ್ಠವಾಗಿದೆ ಎಂದರ್ಥವೇ ಹೊರತು ಎಂಜಿನ್ನಿನ ಶಕ್ತಿ ಗರಿಷ್ಠವಾಗಿದೆ ಎಂದಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನೆಲದ ಬಳಿ ಸರಿಯಾಗಿದ್ದ ಅದೇ ಸ್ಥಾನವು ಆರು ಕಿಲೋಮೀಟರ್ ಎತ್ತರದಲ್ಲಿ ವಿಮಾನವನ್ನು ಎದುರಾಳಿಗಿಂತ ನಿಧಾನಗೊಳಿಸಬಲ್ಲದು.

ತಾಂತ್ರಿಕ ಹಿನ್ನೆಲೆ

ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣವಾಗಿ ದಹಿಸಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಆದರೆ ಎಂಜಿನ್ನಿನಿಂದ ಅತಿ ಹೆಚ್ಚು ಶಕ್ತಿ ದೊರೆಯುವುದು ಇದಕ್ಕಿಂತ ತುಸು ಹೆಚ್ಚು ಪೆಟ್ರೋಲು ಇರುವ, ಅಂದರೆ ಒಂದು ಪಾಲು ಇಂಧನಕ್ಕೆ 12.5ರಿಂದ 13 ಪಾಲು ಗಾಳಿ ಇರುವ ಮಿಶ್ರಣದಲ್ಲಿ. ಒಂದು ಲೀಟರಿಗೆ ಅತಿ ಹೆಚ್ಚು ದೂರ ಕ್ರಮಿಸಬೇಕಾದರೆ ಗಾಳಿಯ ಪಾಲು 16ರ ಆಸುಪಾಸಿನಲ್ಲಿರಬೇಕು. ಪೆಟ್ರೋಲು ಹೆಚ್ಚಿರುವುದನ್ನು ಗಾಢ ಮಿಶ್ರಣವೆಂದೂ ಕಡಿಮೆ ಇರುವುದನ್ನು ತೆಳು ಮಿಶ್ರಣವೆಂದೂ ಕರೆಯಬಹುದು. ಆಟಗಾರರ ಬಳಕೆಯಲ್ಲಿ ಇವು ರಿಚ್ ಮತ್ತು ಲೀನ್ ಎಂದೇ ಪ್ರಚಲಿತವಾಗಿವೆ.

ಸಾಮಾನ್ಯ ಕಾರ್ಬ್ಯುರೇಟರಿನಲ್ಲಿ ಗಾಳಿಯು ಕಿರಿದಾದ ಕೊರಳಿನ ಮೂಲಕ ಹಾಯುವಾಗ ಒತ್ತಡ ಇಳಿಯುತ್ತದೆ, ಆ ಇಳಿತವೇ ಪೆಟ್ರೋಲನ್ನು ಸೂಜಿರಂಧ್ರದಿಂದ ಹೊರಗೆ ಸೆಳೆಯುತ್ತದೆ. ವಿಮಾನ ಮೇಲೇರಿದಂತೆ ಗಾಳಿ ವಿರಳವಾಗುತ್ತದೆ. ಸಿಲಿಂಡರಿಗೆ ಸೇರುವ ಗಾಳಿಯ ತೂಕವು ಸಾಂದ್ರತೆಯ ನೇರ ಪ್ರಮಾಣದಲ್ಲಿ ಇಳಿಯುತ್ತದೆ, ಆದರೆ ಸೆಳೆಯಲ್ಪಡುವ ಪೆಟ್ರೋಲು ಸಾಂದ್ರತೆಯ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. ಗಾಳಿ ಬೇಗ ಕಡಿಮೆಯಾಗುತ್ತದೆ, ಪೆಟ್ರೋಲು ನಿಧಾನವಾಗಿ ಕಡಿಮೆಯಾಗುತ್ತದೆ. ಹೀಗಾಗಿ ಯಾರೂ ಹಿಡಿಕೆಯನ್ನು ಮುಟ್ಟದಿದ್ದರೂ ಮಿಶ್ರಣವು ತಾನಾಗಿಯೇ ಗಾಢವಾಗುತ್ತ ಹೋಗುತ್ತದೆ.

ಪ್ರಮಾಣಿತ ವಾಯುಮಂಡಲದಲ್ಲಿ ಸಮುದ್ರಮಟ್ಟದ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕಿಲೋಗ್ರಾಂ. 3,000 ಮೀಟರ್ ಎತ್ತರದಲ್ಲಿ ಅದು 0.909ಕ್ಕೂ 6,000 ಮೀಟರಿನಲ್ಲಿ 0.660ಕ್ಕೂ ಇಳಿಯುತ್ತದೆ. ಮೇಲಿನ ನಿಯಮದಂತೆ ಲೆಕ್ಕ ಹಾಕಿದರೆ ತಿದ್ದದೆ ಬಿಟ್ಟ ಮಿಶ್ರಣವು 3,000 ಮೀಟರಿನಲ್ಲಿ ಸುಮಾರು 16%, 6,000 ಮೀಟರಿನಲ್ಲಿ ಸುಮಾರು 36% ಗಾಢವಾಗಿರುತ್ತದೆ. ನೆಲದಲ್ಲಿ ಒಂದಕ್ಕೆ 12.5 ಇದ್ದ ಅನುಪಾತವು ಆರು ಕಿಲೋಮೀಟರಿನಲ್ಲಿ ಒಂದಕ್ಕೆ 9.2ರಷ್ಟಾಗುತ್ತದೆ, ಅಂದರೆ ಕಿಡಿಗೆ ಹೊತ್ತಿಕೊಳ್ಳಲು ಸಾಧ್ಯವಾಗುವ ಮಿತಿಯ ಅಂಚಿಗೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂತಹ ಊರಿನಲ್ಲಿ ವಿಮಾನ ಇನ್ನೂ ನೆಲದ ಮೇಲೆ ನಿಂತಿರುವಾಗಲೇ ಈ ವ್ಯತ್ಯಾಸ ನಾಲ್ಕೂವರೆ ಶೇಕಡಾದಷ್ಟಿರುತ್ತದೆ. ಬಿಸಿಲಿನ ದಿನಗಳಲ್ಲಿ ಇನ್ನೂ ಹೆಚ್ಚು.

ಸೂಪರ್‌ಚಾರ್ಜರ್ ಇರುವ ಯುದ್ಧವಿಮಾನಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲ. ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನಂತೆ ಕಾರ್ಬ್ಯುರೇಟರು ಸೂಪರ್‌ಚಾರ್ಜರಿಗಿಂತ ಮೊದಲು ಇದ್ದರೆ ಅದು ಹೊರಗಿನ ವಿರಳ ಗಾಳಿಯನ್ನೇ ಎದುರಿಸುತ್ತದೆ. ನಂತರ ಇದ್ದರೆ ಸೂಪರ್‌ಚಾರ್ಜರ್ ಒತ್ತಡವನ್ನು ಕಾಯ್ದುಕೊಳ್ಳುವ ಎತ್ತರದವರೆಗೆ ಮಿಶ್ರಣ ಅಷ್ಟಾಗಿ ಕೆಡುವುದಿಲ್ಲ.

ಗಾಢ ಮತ್ತು ತೆಳು ಮಿಶ್ರಣದ ಲಕ್ಷಣಗಳು

ಮಿಶ್ರಣ ಮಿತಿಮೀರಿ ಗಾಢವಾದರೆ ಎಂಜಿನ್ನಿನ ನಾದ ಒರಟಾಗುತ್ತದೆ, ಶಕ್ತಿ ಕುಗ್ಗುತ್ತದೆ, ನಿಷ್ಕಾಸ ಕೊಳವೆಗಳಿಂದ ಕಪ್ಪು ಹೊಗೆ ಬರುತ್ತದೆ. ಹೊಗೆಯು ಎಂಜಿನ್ನಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಿರ್ಮಲ ಆಕಾಶದಲ್ಲಿ ವಿಮಾನದ ಹಿಂದೆ ಎಳೆದ ಕಪ್ಪು ಗೆರೆಯು ಅದು ಎಲ್ಲಿದೆ ಎಂಬುದನ್ನು ಎದುರಾಳಿಗೆ ದೂರದಿಂದಲೇ ತಿಳಿಸುತ್ತದೆ. ಹಳೆಯ ಐಎಲ್-2 ಸ್ಟರ್ಮೊವಿಕ್‌ನಲ್ಲಿ ಎತ್ತರದಲ್ಲಿ ಮಿಶ್ರಣ ತಿದ್ದಲು ಮರೆತ ಆಟಗಾರರನ್ನು ಈ ಹೊಗೆಯಿಂದಲೇ ಗುರುತಿಸಬಹುದಾಗಿತ್ತು.

ತೆಳು ಮಿಶ್ರಣದ ಅಪಾಯ ಬೇರೆ ಬಗೆಯದು. ಗಾಢ ಮಿಶ್ರಣದಲ್ಲಿರುವ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಸಿಲಿಂಡರಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದನ್ನು ತೆಗೆದುಬಿಟ್ಟು ಪೂರ್ಣ ಶಕ್ತಿಯಲ್ಲಿ ಓಡಿಸಿದರೆ ಸಿಲಿಂಡರುಗಳ ಉಷ್ಣತೆ ಏರಿ, ಮಿಶ್ರಣವು ಕ್ರಮವಾಗಿ ಉರಿಯುವ ಬದಲು ಒಮ್ಮೆಲೇ ಸಿಡಿಯುತ್ತದೆ. ಇದು ಪಿಸ್ಟನ್ನುಗಳನ್ನೇ ಹಾಳುಮಾಡಬಲ್ಲ ಸ್ಥಿತಿ. ಇನ್ನೂ ತೆಳುವಾದರೆ ಎಂಜಿನ್ ತಡವರಿಸಿ, ಕಾರ್ಬ್ಯುರೇಟರಿನ ಕಡೆಗೆ ಹಿಮ್ಮುಖವಾಗಿ ಸಿಡಿದು, ಕೊನೆಗೆ ನಿಲ್ಲುತ್ತದೆ. ಗಾಢ ಮಿಶ್ರಣದ ತಪ್ಪಿಗೆ ವೇಗ ಬೆಲೆಯಾದರೆ ತೆಳು ಮಿಶ್ರಣದ ತಪ್ಪಿಗೆ ಎಂಜಿನ್ನೇ ಬೆಲೆಯಾಗುತ್ತದೆ. ಆದ್ದರಿಂದಲೇ ಸಂಶಯವಿದ್ದಾಗ ಗಾಢದ ಕಡೆಗೆ ಇರುವುದು ವೈಮಾನಿಕರ ರೂಢಿ.

ವಿವಿಧ ವಿಮಾನಗಳಲ್ಲಿನ ವ್ಯವಸ್ಥೆ

ಒಂದೇ ಸಿಮ್ಯುಲೇಟರಿನಲ್ಲಿ ಪಕ್ಷ ಬದಲಿಸಿದೊಡನೆ ಈ ಕೆಲಸದ ಸ್ವರೂಪವೂ ಬದಲಾಗುತ್ತದೆ. ಇದು ಆಟದ ಸಮತೋಲನಕ್ಕಾಗಿ ಮಾಡಿದ ಏರ್ಪಾಡಲ್ಲ, ಅಂದಿನ ತಂತ್ರಜ್ಞಾನದ ನಿಜವಾದ ಅಂತರ.

ಯಾಕ್-1, ಲಾಗ್-3, ಪಿಇ-2 ಮುಂತಾದ ಸೋವಿಯತ್ ವಿಮಾನಗಳ ಕ್ಲಿಮೋವ್ ಎಂ-105 ಎಂಜಿನ್ನಿನಲ್ಲಿ ಮಿಶ್ರಣವನ್ನು ಕೈಯಿಂದಲೇ ಹೊಂದಿಸಬೇಕು. ರಷ್ಯನ್ ಭಾಷೆಯಲ್ಲಿ ಈ ನಿಯಂತ್ರಣಕ್ಕೆ ಎತ್ತರದ ತಿದ್ದುಕ ಎಂಬ ಅರ್ಥದ ಹೆಸರಿದೆ, ಅದು ಕೆಲಸವನ್ನು ನಮ್ಮ ಹೆಸರಿಗಿಂತ ಸ್ಪಷ್ಟವಾಗಿ ಹೇಳುತ್ತದೆ. 2014ರಲ್ಲಿ ಬಿಡುಗಡೆಯಾದ ಐಎಲ್-2 ಸ್ಟರ್ಮೊವಿಕ್: ಬ್ಯಾಟಲ್ ಆಫ್ ಸ್ಟಾಲಿನ್‌ಗ್ರಾಡ್‌ನಲ್ಲಿ ಯಾಕ್-1ರ ಮಿಶ್ರಣವನ್ನು ಮೂರು ನಾಲ್ಕು ಕಿಲೋಮೀಟರಿಗಿಂತ ಮೇಲೆ ತೆಳುಗೊಳಿಸಬೇಕಾಗುತ್ತದೆ. ಪೂರ್ವ ರಣಾಂಗಣದ ಹೆಚ್ಚಿನ ಕಾಳಗಗಳು ಇದಕ್ಕಿಂತ ಕೆಳಗೆ ನಡೆಯುವುದರಿಂದ ಅನೇಕ ಆಟಗಾರರು ಹಿಡಿಕೆಯನ್ನು ಮುಟ್ಟದೆಯೇ ತಿಂಗಳುಗಟ್ಟಲೆ ಹಾರಿರುತ್ತಾರೆ. ಬಾಂಬರುಗಳ ಬೆಂಗಾವಲಿಗೆಂದು ಮೊದಲ ಬಾರಿ ಐದು ಕಿಲೋಮೀಟರಿಗೆ ಏರಿದಾಗ ಎಂಜಿನ್ ಏಕೆ ನಿಶ್ಶಕ್ತವಾಯಿತೆಂದು ಅವರಿಗೆ ತೋಚುವುದಿಲ್ಲ.

ಜರ್ಮನ್ ಮೆಸ್ಸರ್‌ಶ್ಮಿಟ್ ಬಿಎಫ್ 109ರ ಡೈಮ್ಲರ್-ಬೆನ್ಜ್ ಎಂಜಿನ್ನುಗಳಿಗೆ ಕಾರ್ಬ್ಯುರೇಟರೇ ಇರಲಿಲ್ಲ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸಲಾಗುತ್ತಿತ್ತು, ಅದರ ಪ್ರಮಾಣವನ್ನು ಸ್ವಯಂಚಾಲಿತ ನಿಯಂತ್ರಕವು ನಿರ್ಧರಿಸುತ್ತಿತ್ತು. ಫೋಕೆ-ವುಲ್ಫ್ 190ರ ಬಿಎಂಡಬ್ಲ್ಯು 801 ಎಂಜಿನ್ ಇನ್ನೂ ಮುಂದೆ ಹೋಗಿತ್ತು. ಅದರ ಕಮ್ಯಾಂಡೊಗೆರೇಟ್ ಎಂಬ ಯಾಂತ್ರಿಕ ಸಾಧನವು ಒಂದೇ ಹಿಡಿಕೆಯ ಚಲನೆಯಿಂದ ಮಿಶ್ರಣ, ಪ್ರೊಪೆಲ್ಲರಿನ ಕೋನ, ಕಿಡಿಯ ಸಮಯ ಮತ್ತು ಸೂಪರ್‌ಚಾರ್ಜರಿನ ಗೇರನ್ನು ಹೊಂದಿಸುತ್ತಿತ್ತು. ಯಾಕ್ ಹಾರಿಸುವವರು ಮೂರು ಹಿಡಿಕೆಗಳ ನಡುವೆ ಕೈಯಾಡಿಸುತ್ತಿರುವಾಗ ಫೋಕೆ-ವುಲ್ಫ್ ಹಾರಿಸುವವರ ಗಮನವೆಲ್ಲ ಗುರಿಯ ಮೇಲಿರುತ್ತದೆ.

ಅಮೆರಿಕದ ವಿಮಾನಗಳಲ್ಲಿ ಮಧ್ಯಮಾರ್ಗವೊಂದು ಕಾಣುತ್ತದೆ. ಪಿ-47 ಥಂಡರ್‌ಬೋಲ್ಟ್‌ನಂತಹ ವಿಮಾನಗಳಲ್ಲಿ ಹಿಡಿಕೆಗೆ ನಿಶ್ಚಿತ ಸ್ಥಾನಗಳಿವೆ: ಎಂಜಿನ್ ನಿಲ್ಲಿಸುವ ಐಡಲ್ ಕಟ್-ಆಫ್, ಮಿತವ್ಯಯದ ಆಟೋ ಲೀನ್, ಏರಿಕೆ ಮತ್ತು ಕಾಳಗಕ್ಕೆ ಆಟೋ ರಿಚ್, ಸ್ವಯಂಚಾಲಿತ ವ್ಯವಸ್ಥೆ ಕೆಟ್ಟರೆ ಬಳಸುವ ಫುಲ್ ರಿಚ್. ನಡುವಿನ ಎರಡು ಪದಗಳು ಸೂಚಿಸುವಂತೆ ಎತ್ತರದ ತಿದ್ದುಪಡಿಯನ್ನು ಯಂತ್ರವೇ ಮಾಡುತ್ತದೆ, ಚಾಲಕರು ಹೇಳಬೇಕಾದುದು ಉದ್ದೇಶವನ್ನು ಮಾತ್ರ. ಡಿಸಿಎಸ್ ವರ್ಲ್ಡ್‌ನ ಪಿ-51ಡಿ ಮಸ್ಟ್ಯಾಂಗ್‌ನಲ್ಲಿ ಇವು ಇನ್ನೂ ಕಡಿಮೆಯಾಗಿ ಐಡಲ್ ಕಟ್-ಆಫ್, ರನ್ ಹಾಗೂ ಎಮರ್ಜೆನ್ಸಿ ಫುಲ್ ರಿಚ್ ಎಂಬ ಮೂರಕ್ಕೆ ನಿಂತಿವೆ. ಇಂತಹ ವಿಮಾನದಲ್ಲಿ ಹೆಚ್ಚು ಶಕ್ತಿಯ ಆಸೆಯಿಂದ ಫುಲ್ ರಿಚ್‌ಗೆ ತಳ್ಳುವುದು ಕೆಲಸಮಾಡುತ್ತಿರುವ ಸ್ವಯಂಚಾಲಿತ ತಿದ್ದುಪಡಿಯನ್ನು ಕೈಯಾರೆ ಬದಿಗಿಟ್ಟಂತೆ.

ಬ್ರಿಟಿಷ್ ವಿಮಾನಗಳಲ್ಲಿ ಗೊಂದಲ ಹುಟ್ಟಿಸುವ ವಿವರವೊಂದಿದೆ. ಆರಂಭದ ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳಲ್ಲಿ ಮಿಶ್ರಣದ ಹಿಡಿಕೆಯನ್ನು ಹಿಂದಕ್ಕೆ ಎಳೆದರೆ ಗಾಢ, ಮುಂದಕ್ಕೆ ತಳ್ಳಿದರೆ ತೆಳು. ಥ್ರಾಟಲನ್ನು ಮುಚ್ಚಿದಾಗ ಮಿಶ್ರಣದ ಹಿಡಿಕೆಯೂ ಅದರೊಂದಿಗೆ ಹಿಂದಕ್ಕೆ ಬಂದು ಗಾಢಕ್ಕೆ ಮರಳುವಂತೆ ಎರಡಕ್ಕೂ ಕೊಂಡಿ ಇತ್ತು. ತೆಳು ಮಿಶ್ರಣದಲ್ಲೇ ನೆಲಕ್ಕಿಳಿಯುವ ಮರೆವಿಗೆ ಇದು ಒಳ್ಳೆಯ ಪರಿಹಾರ. ಆದರೆ ಮುಂದೆ ಎಂದರೆ ಗಾಢ ಎಂದು ಅಭ್ಯಾಸವಾದ ಆಟಗಾರರು ಈ ವಿಮಾನಗಳಲ್ಲಿ ಯುದ್ಧಕ್ಕೆ ಮೊದಲು ಹಿಡಿಕೆಯನ್ನು ಮುಂದೆ ತಳ್ಳಿ, ಪೂರ್ಣ ಶಕ್ತಿಯಲ್ಲಿ ತೆಳು ಮಿಶ್ರಣವನ್ನು ಓಡಿಸುವ ಅಪಾಯವಿದೆ. ಮುಂದಿನ ಸ್ಪಿಟ್‌ಫೈರ್ ಮಾರ್ಕ್ 9ರಲ್ಲಿ ಮಿಶ್ರಣ ಪೂರ್ತಿ ಸ್ವಯಂಚಾಲಿತವಾಗಿದ್ದು ಚಾಲಕರಿಗೆ ಅದರ ಹಿಡಿಕೆಯೇ ಇಲ್ಲ.

ಋಣಾತ್ಮಕ ಜಿ-ಬಲ ಮತ್ತು ಮಿಶ್ರಣ

ಯಾವ ಹಿಡಿಕೆಯಿಂದಲೂ ತಿದ್ದಲಾಗದ ಮಿಶ್ರಣದ ದೋಷವೊಂದು ಆರಂಭದ ಮರ್ಲಿನ್ ಎಂಜಿನ್ನಿನಲ್ಲಿತ್ತು. ಅದರ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟವನ್ನು ತೇಲುಬುರುಡೆಯೊಂದು ಕಾಯುತ್ತಿತ್ತು. ವಿಮಾನದ ಮೂಗನ್ನು ಥಟ್ಟನೆ ಕೆಳಗೆ ಒತ್ತಿದಾಗ ಪೆಟ್ರೋಲು ಕೋಣೆಯ ಮೇಲ್ಭಾಗಕ್ಕೆ ಹಾರಿ ಎಂಜಿನ್ ಕ್ಷಣಕಾಲ ಇಂಧನವಿಲ್ಲದೆ ತಡವರಿಸುತ್ತಿತ್ತು. ಅದರ ಬೆನ್ನಲ್ಲೇ ಮಟ್ಟದ ಕಾವಲು ತಪ್ಪಿ ಪೆಟ್ರೋಲು ಮಿತಿಯಿಲ್ಲದೆ ನುಗ್ಗಿ, ಎಂಜಿನ್ ಅತಿ ಗಾಢ ಮಿಶ್ರಣದಿಂದ ಉಸಿರುಕಟ್ಟಿ ಕಪ್ಪು ಹೊಗೆ ಉಗುಳುತ್ತಿತ್ತು. ನೇರ ಚಿಮ್ಮಿಕೆಯ ಎಂಜಿನ್ ಇದ್ದ ಬಿಎಫ್ 109ರ ಚಾಲಕರು ಮೂಗು ಒತ್ತಿ ಧುಮುಕಿ ಪಾರಾಗುತ್ತಿದ್ದರು. ಬೆನ್ನಟ್ಟುವ ಸ್ಪಿಟ್‌ಫೈರ್‌ಗಳು ವಿಮಾನವನ್ನು ಮೊದಲು ತಲೆಕೆಳಗಾಗಿ ಉರುಳಿಸಿ, ಬಳಿಕ ಎಳೆದು ಧುಮುಕಬೇಕಾಗುತ್ತಿತ್ತು.

ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ ಇದಕ್ಕೆ ಕಂಡುಕೊಂಡ ತಾತ್ಕಾಲಿಕ ಪರಿಹಾರ ಬಲು ಸರಳವಾದುದು. ಪೆಟ್ರೋಲಿನ ಕೊಳವೆಯಲ್ಲಿ, ಎಂಜಿನ್ನಿಗೆ ಗರಿಷ್ಠ ಶಕ್ತಿಗೆ ಬೇಕಾಗುವಷ್ಟು ಇಂಧನವನ್ನು ಮಾತ್ರ ಬಿಡುವ ಸಣ್ಣ ರಂಧ್ರದ ಲೋಹದ ತಡೆಯನ್ನು ಕೂರಿಸಲಾಯಿತು. 1941ರಲ್ಲಿ ಇದು ಬಳಕೆಗೆ ಬಂದ ಮೇಲೆ ಎರಡನೆಯ ಹಂತದ ಉಸಿರುಕಟ್ಟುವಿಕೆ ಬಹುಮಟ್ಟಿಗೆ ನಿಂತಿತು. ಆರಂಭದ ಸ್ಪಿಟ್‌ಫೈರ್ ಮತ್ತು ಹರಿಕೇನ್‌ಗಳಿರುವ, 2011ರಲ್ಲಿ ಬಂದ ಐಎಲ್-2 ಸ್ಟರ್ಮೊವಿಕ್: ಕ್ಲಿಫ್ಸ್ ಆಫ್ ಡೋವರ್‌ನಲ್ಲಿ ಈ ದೋಷವು ಕಾಳಗದ ತಂತ್ರವನ್ನೇ ರೂಪಿಸುತ್ತದೆ.

ಹೊಂದಿಸುವ ವಿಧಾನ

ಕೈಯಿಂದ ನಿಯಂತ್ರಿಸುವ ವಿಮಾನಗಳಲ್ಲಿ ನೆಲಬಿಡುವಾಗಲೂ ಕೆಳಮಟ್ಟದ ಕಾಳಗದಲ್ಲೂ ಮಿಶ್ರಣವನ್ನು ಪೂರ್ತಿ ಗಾಢವಾಗಿ ಅಥವಾ ಅದರ ಸಮೀಪದಲ್ಲಿ ಇಡಲಾಗುತ್ತದೆ. ಏರುತ್ತ ಹೋದಂತೆ, ಥ್ರಾಟಲ್ ಮತ್ತು ಸುತ್ತುಗಳ ಸಂಖ್ಯೆಯನ್ನು ಬದಲಿಸದೆ, ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ತೆಳುವಿನ ಕಡೆಗೆ ತರಬೇಕು. ಅಂದಿನ ಯುದ್ಧವಿಮಾನಗಳ ಪ್ರೊಪೆಲ್ಲರು ಸುತ್ತುಗಳನ್ನು ಸ್ಥಿರವಾಗಿಡುವ ಬಗೆಯದಾಗಿರುವುದರಿಂದ ಶಕ್ತಿ ಹೆಚ್ಚಿದರೂ ಸುತ್ತುಗಳ ಮುಳ್ಳು ಅಲುಗುವುದಿಲ್ಲ. ಅದನ್ನೇ ನೋಡುತ್ತ ಕುಳಿತರೆ ಏನೂ ತಿಳಿಯದು. ನೋಡಬೇಕಾದುದು ವಾಯುವೇಗ ಅಥವಾ ಏರಿಕೆಯ ದರವನ್ನು, ಕೇಳಬೇಕಾದುದು ಎಂಜಿನ್ನಿನ ನಾದವನ್ನು. ನಿಷ್ಕಾಸದ ಹೊಗೆ ಅಡಗಿ, ನಾದ ನಯವಾಗಿ, ವೇಗ ಹೆಚ್ಚುತ್ತ ಬಂದು ಒಂದು ಸ್ಥಾನದಲ್ಲಿ ನಿಲ್ಲುತ್ತದೆ. ಅದನ್ನು ದಾಟಿದರೆ ವೇಗ ಮತ್ತೆ ಇಳಿಯತೊಡಗುತ್ತದೆ. ಇಳಿತ ಕಂಡ ಸ್ಥಾನದಿಂದ ತುಸು ಗಾಢಕ್ಕೆ ಮರಳಿ ಬಿಟ್ಟರೆ ಆ ಎತ್ತರಕ್ಕೆ ಕೆಲಸ ಮುಗಿಯಿತು. ಪ್ರತಿ ಸಾವಿರ ಮೀಟರಿಗೊಮ್ಮೆ ಪುನಃ ನೋಡಿದರೆ ಸಾಕು.

ಏರುವಾಗ ಮರೆತರೆ ಆಗುವ ನಷ್ಟಕ್ಕಿಂತ ಇಳಿಯುವಾಗ ಮರೆತರೆ ಆಗುವ ನಷ್ಟ ದೊಡ್ಡದು. ಆರು ಕಿಲೋಮೀಟರಿನಲ್ಲಿ ತೆಳುಗೊಳಿಸಿದ ಮಿಶ್ರಣವು ಒಂದು ಕಿಲೋಮೀಟರಿಗೆ ಧುಮುಕಿದಾಗ ಅತಿ ತೆಳುವಾಗಿರುತ್ತದೆ. ಏರಲು ಹಲವು ನಿಮಿಷ ಹಿಡಿದ ಎತ್ತರವನ್ನು ವಿಮಾನ ಒಂದು ನಿಮಿಷದೊಳಗೆ ಕಳೆದುಕೊಳ್ಳಬಹುದು. ಧುಮುಕಿದ ವೇಗದಿಂದ ಮೇಲೆದ್ದು ಮತ್ತೆ ಪೂರ್ಣ ಥ್ರಾಟಲ್ ಕೊಡುವ ಕ್ಷಣದಲ್ಲಿ, ಅಂದರೆ ಶಕ್ತಿ ಅತ್ಯಗತ್ಯವಾದಾಗಲೇ, ಎಂಜಿನ್ ಕೈಕೊಡುತ್ತದೆ. ಧುಮುಕುವ ಮುನ್ನ ಮೊದಲು ಮಿಶ್ರಣ ಗಾಢ ಎಂಬುದನ್ನು ಅನುಭವಿಗಳು ಕೈಗೆ ಅಭ್ಯಾಸ ಮಾಡಿಸಿರುತ್ತಾರೆ.

ನಿಯಂತ್ರಣಗಳನ್ನು ಜೋಡಿಸುವಾಗಲೂ ಎಚ್ಚರ ಬೇಕು. ಕೀಲಿಮಣೆಯ ಗುಂಡಿಗಳಿಂದ ಹಂತಹಂತವಾಗಿ ಬದಲಿಸುವುದಕ್ಕಿಂತ ಪ್ರತ್ಯೇಕ ಹಿಡಿಕೆಯೊಂದನ್ನು ಮೀಸಲಿಟ್ಟರೆ ಸೂಕ್ಷ್ಮವಾಗಿ ಹೊಂದಿಸಬಹುದು. ಆದರೆ ಅಕ್ಷದ ದಿಕ್ಕು ತಿರುವುಮುರುವಾಗಿದ್ದರೆ ಗಾಢಗೊಳಿಸಲು ಹೋಗಿ ಎಂಜಿನ್ ನಿಂತುಹೋಗುತ್ತದೆ. ಹಳೆಯ ಐಎಲ್-2 ಸರಣಿಯಲ್ಲಿ ಮಿಶ್ರಣವು 20%ರ ಹಂತಗಳಲ್ಲಿ 120%ವರೆಗೆ ಇದ್ದುದರಿಂದ, ಅಲ್ಲಿಂದ ಬಂದವರಿಗೆ ಇಂದಿನ ಶೇಕಡಾವಾರು ಅಂಕಿಗಳು ಮೊದಲಿಗೆ ಹೊಂದುವುದಿಲ್ಲ. ಸರಳೀಕೃತ ಎಂಜಿನ್ ನಿರ್ವಹಣೆಯ ಆಯ್ಕೆಯನ್ನು ಚಾಲೂ ಮಾಡಿದರೆ ಸಿಮ್ಯುಲೇಟರೇ ಮಿಶ್ರಣವನ್ನು ನೋಡಿಕೊಳ್ಳುತ್ತದೆ. ಪೂರ್ಣ ವಾಸ್ತವಿಕತೆಯನ್ನು ಬಯಸುವ ಬಹುಜನ ಆಟಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಇಂಧನ ಉಳಿತಾಯ

ಅರ್ಧ ಗಂಟೆಯ ಕಾಳಗಕ್ಕೆ ತೊಟ್ಟಿಯನ್ನು ಅರೆ ತುಂಬಿಸಿ ಹೊರಡುವ ಆಟಗಾರರಿಗೆ ಉಳಿತಾಯದ ಯೋಚನೆ ಬರುವುದು ಕಡಿಮೆ. ದೀರ್ಘ ಬೆಂಗಾವಲು ಹಾರಾಟಗಳಲ್ಲಿ, ಅದರಲ್ಲೂ ಸಮುದ್ರದ ಮೇಲೆ, ಪರಿಸ್ಥಿತಿ ಬೇರೆ. ಇದರ ಪ್ರಸಿದ್ಧ ನಿದರ್ಶನ 1944ರ ನ್ಯೂಗಿನಿಯಲ್ಲಿದೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ತಡೆಯಿಲ್ಲದೆ ದಾಟಿ ಹೆಸರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್, ನಾಗರಿಕ ಸಲಹೆಗಾರರಾಗಿ ಅಲ್ಲಿದ್ದ ಅಮೆರಿಕದ 475ನೇ ಫೈಟರ್ ಗ್ರೂಪ್‌ನ ಚಾಲಕರೊಂದಿಗೆ ಪಿ-38 ಲೈಟ್ನಿಂಗ್ ಹಾರಿಸಿದರು. ಒಂದೇ ಹಾರಾಟದಿಂದ ಮರಳಿದಾಗ ಅವರ ತೊಟ್ಟಿಯಲ್ಲಿ ಉಳಿದವರಿಗಿಂತ ಹೆಚ್ಚು ಇಂಧನ ಇರುತ್ತಿತ್ತು. ಎಂಜಿನ್ನಿನ ಸುತ್ತುಗಳನ್ನು ನಿಮಿಷಕ್ಕೆ 1,600ಕ್ಕೆ ಇಳಿಸಿ, ಒಳಹರಿವಿನ ಒತ್ತಡವನ್ನು ಹೆಚ್ಚಿಗೆ ಇಟ್ಟು, ಮಿಶ್ರಣವನ್ನು ಆಟೋ ಲೀನ್‌ನಲ್ಲಿ ಬಿಡುವುದು ಅವರ ಕ್ರಮವಾಗಿತ್ತು. ಇದರಿಂದ ಎಂಜಿನ್ನು ಹಾಳಾಗುತ್ತದೆಂಬ ಚಾಲಕರ ಅಂಜಿಕೆ ನಿಜವಾಗಲಿಲ್ಲ, ದಾಳಿಯ ವ್ಯಾಪ್ತಿ ನೂರಾರು ಕಿಲೋಮೀಟರುಗಳಷ್ಟು ಹೆಚ್ಚಿತು.

ಸಿಮ್ಯುಲೇಟರಿನಲ್ಲಿಯೂ ಇದೇ ಕ್ರಮ ನಡೆಯುತ್ತದೆ: ಮೊದಲು ಥ್ರಾಟಲನ್ನು ಪ್ರಯಾಣದ ಮಟ್ಟಕ್ಕೆ ಇಳಿಸಿ, ಬಳಿಕ ಸುತ್ತುಗಳನ್ನು ತಗ್ಗಿಸಿ, ಕೊನೆಯಲ್ಲಿ ಮಿಶ್ರಣವನ್ನು ತೆಳುಗೊಳಿಸಬೇಕು. ಶತ್ರು ಕಾಣಿಸಿದಾಗ ಕ್ರಮ ತಿರುಗುಮುರುಗು. ಮಿಶ್ರಣ ಗಾಢ, ಸುತ್ತು ಹೆಚ್ಚು, ಅನಂತರ ಥ್ರಾಟಲ್.

ಮೊದಲ ಮಹಾಯುದ್ಧದ ವಿಮಾನಗಳು

2009ರಲ್ಲಿ ಬಂದ ರೈಸ್ ಆಫ್ ಫ್ಲೈಟ್‌ನಂತಹ ಸಿಮ್ಯುಲೇಟರ್‌ಗಳಲ್ಲಿ ಮಿಶ್ರಣವನ್ನು ಮರೆಯುವ ಸೌಕರ್ಯವೇ ಇಲ್ಲ. ಸೋಪ್‌ವಿತ್ ಕ್ಯಾಮೆಲ್‌ನ ಆವರ್ತಕ ಎಂಜಿನ್ನಿನಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನೊಂದಿಗೆ ತಿರುಗುತ್ತವೆ. ಇಂದಿನ ಅರ್ಥದ ಕಾರ್ಬ್ಯುರೇಟರ್ ಅದಕ್ಕಿಲ್ಲ, ಗಾಳಿಗೊಂದು ಮತ್ತು ಪೆಟ್ರೋಲಿಗೊಂದು ಹಿಡಿಕೆ ಇರುತ್ತದೆ. ಗಾಳಿಯನ್ನು ಬದಲಿಸಿದಾಗಲೆಲ್ಲ ಪೆಟ್ರೋಲನ್ನೂ ಕೈಯಿಂದ ಹೊಂದಿಸಬೇಕು. ನೆಲ ಬಿಟ್ಟ ಕೂಡಲೇ ಇದರಲ್ಲಿ ತಪ್ಪಿದರೆ ಎತ್ತರವೂ ವೇಗವೂ ಇಲ್ಲದ ಹೊತ್ತಿನಲ್ಲಿ ಎಂಜಿನ್ ತಡವರಿಸುತ್ತದೆ, ತಿರುಗಲು ಹೊರಟ ಕ್ಯಾಮೆಲ್ ಸುಳಿಗೆ ಸಿಕ್ಕುತ್ತದೆ. ಜರ್ಮನಿಯಲ್ಲಿ ಮ್ಯಾಕ್ಸ್ ಫ್ರಿಟ್ಜ್ ರೂಪಿಸಿದ ಬಿಎಂಡಬ್ಲ್ಯು 3ಎ ಎಂಜಿನ್ ಈ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ನೋಡಿತು. ಹೆಚ್ಚಿನ ಸಂಕೋಚನ ಅನುಪಾತದ ಈ ಎಂಜಿನ್ನನ್ನು ಎತ್ತರದ ವಿರಳ ಗಾಳಿಗೆಂದೇ ರಚಿಸಲಾಗಿದ್ದು, ಕೆಳಮಟ್ಟದಲ್ಲಿ ಅದರ ಥ್ರಾಟಲನ್ನು ಪೂರ್ತಿ ತೆರೆಯಬಾರದಾಗಿತ್ತು. ಇದನ್ನು ಹೊಂದಿದ ಫೋಕರ್ ಡಿ.7 ವಿಮಾನವು ಎತ್ತರದ ಕಾಳಗದಲ್ಲಿ ಮೇಲುಗೈ ಪಡೆಯಿತು.

ವಾಸ್ತವಿಕತೆಯ ಮಿತಿ

ಸಿಮ್ಯುಲೇಟರ್‌ಗಳು ಮಿಶ್ರಣದಿಂದ ಶಕ್ತಿ, ಉಷ್ಣತೆ ಮತ್ತು ಬಳಕೆಯ ಮೇಲಾಗುವ ಪರಿಣಾಮವನ್ನು ಚೆನ್ನಾಗಿಯೇ ತೋರಿಸುತ್ತವೆ. ನಿಧಾನವಾಗಿ ಸಂಚಯವಾಗುವ ಹಾನಿಯನ್ನು ತೋರಿಸುವುದು ಕಷ್ಟ. ಗಂಟೆಗಟ್ಟಲೆ ಗಾಢ ಮಿಶ್ರಣದಲ್ಲಿ ಓಡಿದ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳ ಮೇಲೆ ಮಸಿ ಹಾಗೂ ಸೀಸದ ಪದರ ಕೂರುವುದು, ಒಂದೇ ಎಂಜಿನ್ನಿನ ಸಿಲಿಂಡರುಗಳಿಗೆ ಒಂದೊಂದು ಬಗೆಯ ಮಿಶ್ರಣ ತಲುಪುವುದು ನಿಜಜೀವನದಲ್ಲಿ ಯಂತ್ರಕರ್ಮಿಗಳ ನಿತ್ಯದ ತಲೆನೋವಾಗಿತ್ತು. ಆಟದಲ್ಲಿ ಪ್ರತಿ ಹಾರಾಟಕ್ಕೂ ಹೊಸ ಎಂಜಿನ್ ದೊರೆಯುತ್ತದೆ. ಆದ್ದರಿಂದ ಸಿಮ್ಯುಲೇಟರಿನಲ್ಲಿ ರೂಢಿಸಿಕೊಂಡ ಅಂಕಿಗಳನ್ನು ನಿಜವಾದ ವಿಮಾನಕ್ಕೆ ಅನ್ವಯಿಸುವಂತಿಲ್ಲ. ಅಲ್ಲಿ ಆಯಾ ಎಂಜಿನ್ನಿನ ಅಧಿಕೃತ ಕೈಪಿಡಿಯೇ ಪ್ರಮಾಣ.